ಆಸ್ಟಿನ್‌ನಲ್ಲಿ 506 ದಿನ ಇದ್ದೆ, ಆದರೂ ಕ್ಯಾಲಿಫೋರ್ನಿಯಾಕ್ಕೆ ಟ್ಯಾಕ್ಸ್ ಕಟ್ಟಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮೂರು ಶಿವಮೊಗ್ಗ, ಈಗ ಇರುವುದು ಫ್ರೀಮಾಂಟ್‌ನಲ್ಲಿ, ಸ್ವಂತ ಮನೆ. 2019ರಿಂದ ಗ್ರೀನ್ ಕಾರ್ಡ್ ಇದೆ. ಕಂಪನಿ ನನ್ನನ್ನು 16 ತಿಂಗಳ ಪ್ರಾಜೆಕ್ಟ್‌ಗೆ ಅಂತ ಟೆಕ್ಸಾಸ್‌ನ ಆಸ್ಟಿನ್‌ಗೆ ಕಳಿಸಿತು. 2024ರ ಫೆಬ್ರವರಿ 10ಕ್ಕೆ ಹೋದೆ, 2025ರ ಜೂನ್ 30ಕ್ಕೆ ವಾಪಸ್ ಬಂದೆ. ಮಗಳ ಸ್ಕೂಲ್ ಮುಗಿಯಲಿ ಅಂತ ಅವಳು ಮತ್ತು ಹೆಂಡತಿ 2024ರ ಜೂನ್ ಮಧ್ಯದವರೆಗೆ ಫ್ರೀಮಾಂಟ್‌ನಲ್ಲೇ ಇದ್ದರು, ಆಮೇಲೆ ಬಂದರು. ಮನೆಯನ್ನು 11 ತಿಂಗಳಿಗೆ ಬಾಡಿಗೆಗೆ ಕೊಟ್ಟು, ಸಾಮಾನೆಲ್ಲ ಗರಾಜಿಗೆ ತುಂಬಿ ಬೀಗ ಹಾಕಿದೆವು. ನಾನು ಟೆಕ್ಸಾಸ್ ಲೈಸೆನ್ಸ್ ಮಾಡಿಸಿದೆ, ಒಂದು ಕಾರನ್ನು ಅಲ್ಲಿ ರಿಜಿಸ್ಟರ್ ಮಾಡಿಸಿದೆ. 2024ರಲ್ಲಿ ಸಂಬಳ 2,10,000 ಡಾಲರ್. ನವೆಂಬರ್‌ನಲ್ಲಿ 60,000 ಡಾಲರ್‌ನ ಆರ್‌ಎಸ್‌ಯು (ಕಂಪನಿ ಕೊಡುವ ಷೇರು) ವೆಸ್ಟ್ ಆಯಿತು, ಅಂದರೆ ನನ್ನ ಕೈಗೆ ಬಂತು. 183 ದಿನ ಹೊರಗಿದ್ದರೆ ಕ್ಯಾಲಿಫೋರ್ನಿಯಾ ಏನೂ ಕೇಳುವಂತಿಲ್ಲ ಅಂತ ಸ್ನೇಹಿತರೆಲ್ಲ ಹೇಳಿದರು. ನಾನೇ ಸಾಫ್ಟ್‌ವೇರ್‌ನಲ್ಲಿ ಪಾರ್ಟ್‌ಇಯರ್ (ವರ್ಷದಲ್ಲಿ ಸ್ವಲ್ಪ ಕಾಲ ಮಾತ್ರ ರೆಸಿಡೆಂಟ್) ಅಂತ ಕ್ಯಾಲಿಫೋರ್ನಿಯಾದ 540ಎನ್‌ಆರ್ ಫಾರ್ಮ್ ಫೈಲ್ ಮಾಡಿದೆ. ಸಂಬಳದಲ್ಲಿ ಫೆಬ್ರವರಿ 10ರವರೆಗಿನ 23,000 ಡಾಲರ್ ಮಾತ್ರ ಕ್ಯಾಲಿಫೋರ್ನಿಯಾಕ್ಕೆ ತೋರಿಸಿದೆ. ಈಗ 2025ರ ರಿಟರ್ನ್ ಮಾಡಿಸಲು ಹೋದರೆ, ರಿಟರ್ನ್ ಮಾಡಿಕೊಡುವವರು ಹಿಂದಿನ ವರ್ಷದ್ದೇ ತಪ್ಪಾಗಿದೆ ಅಂತಾರೆ. ಯಾರ ಮಾತು ಸರಿ? ಈಗ ಏನು ಮಾಡಲಿ?

ಉತ್ತರ: ನಿಮಗೆ ಬೇಕಾದ ಉತ್ತರ ಇದಲ್ಲ ಅಂತ ಗೊತ್ತು, ಆದರೂ ಮೊದಲೇ ಹೇಳಿಬಿಡುತ್ತೇನೆ. ನೀವು ಬರೆದಿರುವುದನ್ನು ನೋಡಿದರೆ ನೀವು ಎರಡೂ ವರ್ಷ ಕ್ಯಾಲಿಫೋರ್ನಿಯಾ ರೆಸಿಡೆಂಟ್ ಆಗಿಯೇ ಇದ್ದಿರಿ, ಅಂದರೆ ಎಲ್ಲಿ ದುಡಿದರೂ ಪೂರ್ತಿ ಆದಾಯಕ್ಕೆ ಇಲ್ಲಿ ಟ್ಯಾಕ್ಸ್ ಕಟ್ಟಬೇಕಾದವರು. ವಾದಕ್ಕೆ ಜಾಗವೇ ಇಲ್ಲ ಅಂತಲ್ಲ. ಆದರೆ ಆ ಜಾಗ ನಿಮ್ಮ ಸ್ನೇಹಿತರು ಅಂದುಕೊಂಡಿರುವಷ್ಟು ದೊಡ್ಡದಲ್ಲ.

ಮೊದಲು ಈ 183ರ ಕಥೆ. ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಎಂಟು ಜನ ಈ ನಂಬರ್ ಹಿಡಿದುಕೊಂಡೇ ಬರುತ್ತಾರೆ. ಅದು ಸುಳ್ಳು ನಂಬರ್ ಅಲ್ಲ, ಬೇರೆ ಮನೆಯ ವಿಳಾಸ ಅಷ್ಟೇ. ಭಾರತದ ಇನ್‌ಕಮ್ ಟ್ಯಾಕ್ಸ್‌ನಲ್ಲಿ 182 ದಿನದ ಲೆಕ್ಕ ಇದೆ, ನಮ್ಮವರಿಗೆಲ್ಲ ಅದು ಬಾಯಿಪಾಠ. ಅಮೆರಿಕದ ಫೆಡರಲ್ ಟ್ಯಾಕ್ಸ್‌ನಲ್ಲಿ ವೀಸಾದವರು ರೆಸಿಡೆಂಟ್ ಹೌದೋ ಅಲ್ಲವೋ ಅಂತ ನೋಡಲು 183 ದಿನದ ಲೆಕ್ಕ ಇದೆ. ನ್ಯೂಯಾರ್ಕ್‌ನಲ್ಲೂ ಅಂಥದ್ದೊಂದು ಇದೆ: ಅಲ್ಲಿ ನಿಮಗೆ ಕಾಯಂ ಉಳಿಯುವ ಜಾಗ ಇದ್ದು, ವರ್ಷದಲ್ಲಿ 183 ದಿನಕ್ಕಿಂತ ಜಾಸ್ತಿ ಕಾಲಿಟ್ಟಿದ್ದರೆ ರೆಸಿಡೆಂಟ್. ಮೂರು ಕಡೆಯಿಂದ ಕೇಳಿ ಕೇಳಿ ಇದು ಎಲ್ಲ ಕಡೆಯ ಕಾನೂನು ಅಂತ ಆಗಿಬಿಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ "ಇಷ್ಟು ದಿನ ಹೊರಗಿದ್ದರೆ ಬಿಡುಗಡೆ" ಅನ್ನುವ 183ರ ನಿಯಮ ಇಲ್ಲ. ವರ್ಷದಲ್ಲಿ 9 ತಿಂಗಳಿಗಿಂತ ಜಾಸ್ತಿ ಒಳಗಿದ್ದವರು ರೆಸಿಡೆಂಟ್ ಅಂತ ಊಹಿಸಿಕೊಳ್ಳುವ ನಿಯಮ ಇದೆ. ಅದನ್ನು ತಿರುಗಿಸಿ ಓದಿ, ಅದಕ್ಕಿಂತ ಕಡಿಮೆ ಇದ್ದರೆ ರೆಸಿಡೆಂಟ್ ಅಲ್ಲ ಅನ್ನಲು ಬರುವುದಿಲ್ಲ.

ಹಾಗಾದರೆ ಅವರು ನೋಡುವುದು ಏನು?

ಕ್ಯಾಲಿಫೋರ್ನಿಯಾದ ಕಾನೂನು ಎರಡು ಥರದವರನ್ನು ರೆಸಿಡೆಂಟ್ ಅನ್ನುತ್ತದೆ. ತಾತ್ಕಾಲಿಕ ಕೆಲಸಕ್ಕಲ್ಲದೆ ಬೇರೆ ಉದ್ದೇಶಕ್ಕೆ ಇಲ್ಲಿ ಇರುವವರು ಮೊದಲನೆಯವರು. ಇಲ್ಲಿ ಡೊಮಿಸೈಲ್ ಇಟ್ಟುಕೊಂಡು, ತಾತ್ಕಾಲಿಕವಾಗಿ ಹೊರಗೆ ಹೋಗಿರುವವರು ಎರಡನೆಯವರು. ನಿಮ್ಮ ಕೇಸ್ ನಿಂತಿರುವುದು ಈ ಎರಡನೆಯದರ ಮೇಲೆ.

ಡೊಮಿಸೈಲ್ ಅಂದರೆ ನಿಮ್ಮ ಖಾಯಂ ಮನೆ, ಎಲ್ಲಿಗೆ ಹೋದರೂ ವಾಪಸ್ ಬರುವ ಜಾಗ. ಒಬ್ಬರಿಗೆ ಒಂದು ಸಲಕ್ಕೆ ಒಂದೇ ಇರುತ್ತದೆ. ಹೊಸದೊಂದು ಗಟ್ಟಿಯಾಗುವವರೆಗೆ ಹಳೆಯದು ಬಿಡುವುದಿಲ್ಲ. ನಮ್ಮ ಕಡೆ ಬಾಣಂತನಕ್ಕೆ ತವರಿಗೆ ಹೋಗುತ್ತಾರಲ್ಲ, ಐದು ತಿಂಗಳು, ಏಳು ತಿಂಗಳು ಇರುತ್ತಾರೆ. ಊಟ, ನಿದ್ದೆ, ಡಾಕ್ಟರು ಎಲ್ಲ ಅಲ್ಲೇ. ಆದರೂ "ನಿಮ್ಮ ಮನೆ ಎಲ್ಲಿ" ಅಂತ ಕೇಳಿದರೆ ಯಾರೂ ತವರಿನ ವಿಳಾಸ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾದ ಟ್ಯಾಕ್ಸ್ ಇಲಾಖೆ, ಅಂದರೆ ಫ್ರಾಂಚೈಸ್ ಟ್ಯಾಕ್ಸ್ ಬೋರ್ಡ್, ನಾವೆಲ್ಲ ಎಫ್‌ಟಿಬಿ ಅನ್ನುವುದು, ನಿಮ್ಮ ಆಸ್ಟಿನ್ ವಾಸವನ್ನು ಹೀಗೇ ನೋಡುತ್ತದೆ.

ನೀವು ಹೋಗುವಾಗಲೇ ವಾಪಸ್ ಬರುವ ತಿಂಗಳು ಕಾಗದದ ಮೇಲೆ ಇತ್ತು. ಮನೆ ಮಾರಲಿಲ್ಲ. 11 ತಿಂಗಳಿಗೆ ಕೊಟ್ಟಿರಿ, ಬೆಂಗಳೂರಿನ ಬಾಡಿಗೆ ಅಗ್ರಿಮೆಂಟ್ ಥರವೇ. ಗರಾಜಿನಲ್ಲಿ ನಿಮ್ಮ ಸೋಫಾ ನಿಮಗಾಗಿ ಕಾಯುತ್ತಿತ್ತು. ಬಂದವರು ಅದೇ ಮನೆಗೆ, ಅದೇ ಆಫೀಸಿಗೆ ಬಂದಿರಿ. ಟೆಕ್ಸಾಸ್ ಲೈಸೆನ್ಸ್ ಮಾಡಿಸಿದ್ದು ನಿಮ್ಮ ಪರವಾಗಿ ಒಂದು ಅಂಶ, ನಿಜ. ಆದರೆ ಟೆಕ್ಸಾಸ್‌ಗೆ ಬಂದು ನೆಲೆಸುವವರು 90 ದಿನದಲ್ಲಿ ಲೈಸೆನ್ಸ್, 30 ದಿನದಲ್ಲಿ ಗಾಡಿ ರಿಜಿಸ್ಟ್ರೇಶನ್ ಮಾಡಿಸಬೇಕು ಅಂತ ಅಲ್ಲಿನ ನಿಯಮವೇ ಇದೆ. ಅದೊಂದನ್ನೇ ಹಿಡಿದು ಅಲ್ಲೇ ಬೇರು ಬಿಟ್ಟಿದ್ದೆ ಅಂದರೆ ಆಡಿಟರ್ ಒಪ್ಪುವುದು ಕಷ್ಟ.

ಆಡಿಟರ್‌ಗಳು ಏನೇನು ಕೇಳುತ್ತಾರೆ ಅನ್ನುವುದಕ್ಕೆ ಒಂದು ಉದಾಹರಣೆ. ಕೆಲವು ವರ್ಷದ ಹಿಂದೆ ಒಬ್ಬರು ನೆವಾಡಾಕ್ಕೆ ಮನೆ ಬದಲಾಯಿಸಿದ್ದೇನೆ ಅಂತ ಬಂದರು. ಲೈಸೆನ್ಸ್, ವೋಟರ್ ರಿಜಿಸ್ಟ್ರೇಶನ್, ಬ್ಯಾಂಕ್, ಎಲ್ಲ ಅಲ್ಲಿಯದೇ. ಫೈಲ್ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಚೆನ್ನಾಗಿತ್ತು. ಎಫ್‌ಟಿಬಿಯವರು ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಕೇಳಿದರು. ನಾನು ಕೂತು ಒಂದೊಂದೇ ಸಾಲು ನೋಡುತ್ತಾ ಹೋದೆ. ಹೆಚ್ಚುಕಡಿಮೆ ಪ್ರತಿ ಶನಿವಾರ ಸನ್ನಿವೇಲ್‌ನ ಒಂದು ಇಂಡಿಯನ್ ದಿನಸಿ ಅಂಗಡಿಯಲ್ಲಿ ಏಳು ಡಾಲರ್, ಒಂಬತ್ತು ಡಾಲರ್. ಕರಿಬೇವು, ತೊಂಡೆಕಾಯಿ, ಒಂದು ಪ್ಯಾಕೆಟ್ ದೋಸೆ ಹಿಟ್ಟು. ನೆವಾಡಾದಲ್ಲಿ ಇರುವವರು ಕರಿಬೇವಿಗೆ ಸನ್ನಿವೇಲ್‌ಗೆ ಬರುತ್ತಾರಾ? ನಾನು ಕೇಳಿದೆ, ಅವರು ನಕ್ಕರು. ಆಡಿಟರ್ ನಗಲಿಲ್ಲ.

ಇಂಥ ಅಂಶಗಳಿಗೆ ಒಂದು ಉದ್ದ ಪಟ್ಟಿಯೇ ಇದೆ. 2003ರ ಬ್ರ್ಯಾಗ್ ಅನ್ನುವ ಅಪೀಲಿನ ತೀರ್ಪಿನಿಂದ ಬಂದದ್ದು. ಹೆಂಡತಿ ಮಕ್ಕಳು ಎಲ್ಲಿ, ಮಕ್ಕಳ ಸ್ಕೂಲ್ ಎಲ್ಲಿ, ಡಾಕ್ಟರು, ದಂತವೈದ್ಯರು, ಅಕೌಂಟೆಂಟ್ ಎಲ್ಲಿ, ಫೋನ್ ಕರೆಗಳು ಎಲ್ಲಿಂದ, ದುಡ್ಡು ಎಲ್ಲಿ ಖರ್ಚಾಯಿತು, ಎಲ್ಲ ಸೇರಿಸಿ ತೂಗುತ್ತಾರೆ. ಯಾವುದೋ ಒಂದರಿಂದ ತೀರ್ಮಾನ ಆಗುವುದಿಲ್ಲ.

ಅದರಲ್ಲಿ ನೀವು ಬರೆಯದೇ ಇರುವ ಒಂದು ವಿಷಯ ಕೇಳುತ್ತೇನೆ. ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ತೆಗೆದು ನೋಡಿ, ಹೋಮ್‌ಓನರ್ಸ್ ಎಕ್ಸೆಂಪ್ಷನ್ 7,000 ಡಾಲರ್ ಅಂತ ಇದೆಯಾ? ಮನೆಯ ಬೆಲೆಯಲ್ಲಿ ಅಷ್ಟು ಕಳೆಯುತ್ತಾರೆ, ವರ್ಷಕ್ಕೆ ಉಳಿಯುವುದು 70 ಡಾಲರ್ ಆಸುಪಾಸು. "ಇದೇ ನನ್ನ ಮುಖ್ಯ ಮನೆ" ಅನ್ನುವವರಿಗೆ ಮಾತ್ರ ಅದು ಸಿಗುವುದು. ಮನೆ ಬಾಡಿಗೆಗೆ ಕೊಟ್ಟ ಮೇಲೂ ಅದು ಮುಂದುವರಿದಿದ್ದರೆ, ಒಂದು ಕೈಯಲ್ಲಿ ಟೆಕ್ಸಾಸ್ ನನ್ನ ಮನೆ ಅಂತ ಬರೆದು ಇನ್ನೊಂದು ಕೈಯಲ್ಲಿ ಫ್ರೀಮಾಂಟ್ ನನ್ನ ಮನೆ ಅಂತ ಸಹಿ ಹಾಕಿದ ಹಾಗೆ.

ಈಗ 546 ದಿನದ ವಿಷಯ. ನಿಮ್ಮ ಕೇಸ್‌ನಲ್ಲಿ ನಿಜಕ್ಕೂ ನೋವು ಕೊಡುವ ಭಾಗ ಇದು. ಕ್ಯಾಲಿಫೋರ್ನಿಯಾದಲ್ಲಿ ಡೊಮಿಸೈಲ್ ಇದ್ದರೂ, ಕೆಲಸದ ಕಾಂಟ್ರಾಕ್ಟ್ ಮೇಲೆ ಸತತ 546 ದಿನ ಅಥವಾ ಜಾಸ್ತಿ ಹೊರಗಿದ್ದರೆ ನಾನ್‌ರೆಸಿಡೆಂಟ್ ಅಂತ ಒಪ್ಪುವ ನಿಯಮ ಇದೆ. ಮಧ್ಯೆ ಬಂದು ಹೋಗಬಹುದು, ಒಂದು ಟ್ಯಾಕ್ಸ್ ವರ್ಷದಲ್ಲಿ ಒಟ್ಟು 45 ದಿನ ಮೀರಬಾರದು. ಬಡ್ಡಿ, ಡಿವಿಡೆಂಡ್, ಷೇರು ಲಾಭದಂಥ ಆದಾಯ ಯಾವ ವರ್ಷದಲ್ಲೂ 2 ಲಕ್ಷ ಡಾಲರ್ ದಾಟಬಾರದು. ಟ್ಯಾಕ್ಸ್ ತಪ್ಪಿಸುವುದೇ ಹೋಗುವ ಮುಖ್ಯ ಉದ್ದೇಶ ಆಗಿರಬಾರದು. ನಿಮ್ಮದು ಕೂಡಿಸಿದರೆ 506 ದಿನ. 40 ದಿನ ಕಡಿಮೆ. ಇದರಲ್ಲಿ ಹೆಚ್ಚುಕಡಿಮೆ ಅನ್ನುವುದಿಲ್ಲ, 545 ದಿನ ಆದರೂ ಈ ನಿಯಮ ಸಿಗುವುದಿಲ್ಲ.

ಆದರೆ 546 ತುಂಬದವರೆಲ್ಲ ತಾನೇ ತಾನಾಗಿ ರೆಸಿಡೆಂಟ್ ಅಂತಲೂ ಅಲ್ಲ. ಆ ನಿಯಮ ಒಂದು ಸುಲಭದ ಬಾಗಿಲು, ಅಷ್ಟೇ. ಅದು ಮುಚ್ಚಿದರೆ ಮತ್ತೆ ಆ ಉದ್ದ ಪಟ್ಟಿಗೆ ಬಂದು ನಿಲ್ಲಬೇಕು. ಮನೆ ಮಾರಿ, ಸಂಸಾರ ಸಮೇತ ಹೋಗಿ, ಅಲ್ಲೇ ಉಳಿಯುವ ಮನಸ್ಸಿನಿಂದ ಹೋದವರು ಒಂದು ವರ್ಷಕ್ಕೇ ಏನೋ ಕಾರಣಕ್ಕೆ ವಾಪಸ್ ಬಂದಿದ್ದರೂ ವಾದ ಗೆಲ್ಲಬಹುದು. ನಿಮ್ಮ ಪಟ್ಟಿ ಹಾಗಿಲ್ಲ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಹೇಳಲೇಬೇಕು. ಒಂದು ವೇಳೆ ನೀವು 546 ದಿನ ಮುಗಿಸಿದ್ದಿರಿ ಅಂತಲೇ ಇಟ್ಟುಕೊಳ್ಳಿ. ಆಗಲೂ ನಿಮ್ಮ ಮನೆಯವರು ಫ್ರೀಮಾಂಟ್‌ನಲ್ಲಿದ್ದ ಆ ನಾಲ್ಕು ತಿಂಗಳು ತಲೆನೋವೇ. ನಿಯಮ ರಕ್ಷಿಸುವುದು ಜೊತೆಗೆ ಹೋದ ಹೆಂಡತಿ ಅಥವಾ ಗಂಡನನ್ನು ಮಾತ್ರ. ಇಲ್ಲೇ ಉಳಿದುಕೊಂಡವರು ರೆಸಿಡೆಂಟ್. ಕ್ಯಾಲಿಫೋರ್ನಿಯಾ ಕಮ್ಯುನಿಟಿ ಪ್ರಾಪರ್ಟಿ ರಾಜ್ಯ, ಟೆಕ್ಸಾಸ್ ಕೂಡ. ಮದುವೆಯಾದ ಮೇಲೆ ದುಡಿದದ್ದು ಇಬ್ಬರದೂ, ಅರ್ಧರ್ಧ. ನಿಮ್ಮ ಹೆಂಡತಿ ಆ ಕಾಲದಲ್ಲಿ ಒಂದು ಡಾಲರ್ ದುಡಿಯದಿದ್ದರೂ, ಆಸ್ಟಿನ್‌ನಲ್ಲಿ ನೀವು ದುಡಿದದ್ದರ ಅರ್ಧ ಅವರ ಆದಾಯ, ಅದಕ್ಕೆ ಕ್ಯಾಲಿಫೋರ್ನಿಯಾ ಟ್ಯಾಕ್ಸ್. ಇದನ್ನು ಹೇಳಿದಾಗ ಗಂಡಂದಿರ ಮುಖ ನೋಡಬೇಕು. ಹೆಂಡತಿಯರು ಮಾತ್ರ "ಅರ್ಧ ನಂದೇನಾ?" ಅಂತ ಖುಷಿಯಾಗಿ ಕೇಳುತ್ತಾರೆ.

ಆರ್‌ಎಸ್‌ಯು ವಿಷಯದಲ್ಲಿ ನೀವು ಮಾಡಿದ್ದು ಯಾವ ಲೆಕ್ಕದಲ್ಲೂ ತಪ್ಪೇ. ನೀವು ನಾನ್‌ರೆಸಿಡೆಂಟ್ ಆಗಿದ್ದರೂ ತಪ್ಪು. ವೆಸ್ಟ್ ಆದ ದಿನ ನೀವು ಎಲ್ಲಿದ್ದಿರಿ ಅನ್ನುವುದು ಮುಖ್ಯವಲ್ಲ. ಷೇರು ಗ್ರಾಂಟ್ ಆದ, ಅಂದರೆ ಕೊಡುತ್ತೇವೆ ಅಂತ ಕಂಪನಿ ಬರೆದುಕೊಟ್ಟ ದಿನದಿಂದ ವೆಸ್ಟ್ ಆದ ದಿನದವರೆಗೆ ನೀವು ಎಷ್ಟು ದಿನ ಕೆಲಸ ಮಾಡಿದಿರಿ, ಅದರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ದಿನ, ಆ ಪಾಲಿನಷ್ಟು ಆದಾಯ ಕ್ಯಾಲಿಫೋರ್ನಿಯಾದ್ದು. ಗ್ರಾಂಟ್ ಯಾವಾಗ ಅಂತ ನೀವು ಬರೆದಿಲ್ಲ. ಸುಮ್ನೆ 2022ರ ನವೆಂಬರ್ ಮಧ್ಯ ಅಂತ ಇಟ್ಟುಕೊಳ್ಳೋಣ, ವೆಸ್ಟ್ 2024ರ ನವೆಂಬರ್ ಮಧ್ಯ. ಎರಡು ವರ್ಷಕ್ಕೆ ಕೆಲಸದ ದಿನ ಸುಮಾರು 520. ನೀವು ಆಸ್ಟಿನ್‌ಗೆ ಹೋಗುವವರೆಗೆ ಅದರಲ್ಲಿ ಸುಮಾರು 325 ದಿನ ಕ್ಯಾಲಿಫೋರ್ನಿಯಾದಲ್ಲಿ. ಅಂದರೆ ಶೇ. 62.5. ನಿಮ್ಮ 60,000ದಲ್ಲಿ 37,500 ಡಾಲರ್ ಕ್ಯಾಲಿಫೋರ್ನಿಯಾ ಆದಾಯ. ನೀವು ತೋರಿಸಿದ್ದು ಸೊನ್ನೆ. ಎಫ್‌ಟಿಬಿಯ ಕಣ್ಣಿಗೆ ಬೀಳುವುದು ಮೊದಲು ಇಂಥದ್ದೇ.

ಕಂಪನಿಯವರು ಡಬ್ಲ್ಯೂ-2ನಲ್ಲಿ (ವರ್ಷದ ಸಂಬಳ, ಹಿಡಿದ ಟ್ಯಾಕ್ಸ್ ತೋರಿಸುವ ಫಾರ್ಮ್) ಕ್ಯಾಲಿಫೋರ್ನಿಯಾಕ್ಕೆ ಕಡಿಮೆ ಹಾಕಿದ್ದರಲ್ಲ ಅಂತ ನೀವು ಕೇಳಬಹುದು. ಪೇರೋಲ್‌ನವರಿಗೆ ಬೇಕಾಗಿರುವುದು ನೀವು ಯಾವ ಆಫೀಸಿನಲ್ಲಿ ಕೂತಿದ್ದಿರಿ ಅನ್ನುವುದು ಮಾತ್ರ. ನಿಮ್ಮ ಡೊಮಿಸೈಲ್ ಅವರು ತೀರ್ಮಾನ ಮಾಡುವುದಿಲ್ಲ. ಅದೇ ಥರ, ಒಂದು ವರ್ಷಕ್ಕಿಂತ ಜಾಸ್ತಿಯ ಕೆಲಸ ಅಂತ ಫೆಡರಲ್ ಲೆಕ್ಕದಲ್ಲಿ ನಿಮ್ಮ ಟ್ಯಾಕ್ಸ್ ಹೋಮ್, ಅಂದರೆ ಮುಖ್ಯ ಕೆಲಸದ ಊರು, ಆಸ್ಟಿನ್‌ಗೆ ಹೋಗಿರುತ್ತದೆ. ಕಂಪನಿ ಕೊಟ್ಟ ಮನೆ ಬಾಡಿಗೆಯನ್ನೂ ಸಂಬಳಕ್ಕೆ ಸೇರಿಸಿರಬಹುದು. ಅದು ಬೇರೆ ಕಾನೂನಿನ ಬೇರೆ ಪದ, ರಾಜ್ಯದ ರೆಸಿಡೆನ್ಸಿಗೆ ಅದರಿಂದ ಏನೂ ಆಗುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. 2,70,000 ಡಾಲರ್ ಆದಾಯದ ಮೇಲೆ, ಜಂಟಿ ರಿಟರ್ನ್, ಒಂದು ಮಗು, ಸ್ಟ್ಯಾಂಡರ್ಡ್ ಡಿಡಕ್ಷನ್, ಬಾಡಿಗೆ ಬಿಟ್ಟು ನೋಡಿದರೆ 2024ಕ್ಕೆ ರೆಸಿಡೆಂಟ್ ಆಗಿ ಕ್ಯಾಲಿಫೋರ್ನಿಯಾ ಟ್ಯಾಕ್ಸ್ ಸುಮಾರು 16,400 ಡಾಲರ್ ಬರುತ್ತದೆ. 23,000ಕ್ಕೆ ನೀವು ಕಟ್ಟಿರುವುದು 1,500ರ ಒಳಗೆ. ವ್ಯತ್ಯಾಸ 15 ಸಾವಿರದ ಆಸುಪಾಸು, ಮೇಲೆ ಬಡ್ಡಿ. ನೀವು ಇಲಿನಾಯ್‌ಗೋ ಮತ್ತೆಲ್ಲಿಗೋ ಹೋಗಿದ್ದರೆ ಅಲ್ಲಿ ಕಟ್ಟಿದ ಟ್ಯಾಕ್ಸನ್ನು ಇಲ್ಲಿ ಕ್ರೆಡಿಟ್ ಅಂತ ಕಳೆಯಬಹುದಿತ್ತು. ಟೆಕ್ಸಾಸ್‌ನಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ, ಆದ್ದರಿಂದ ಕಳೆಯುವುದಕ್ಕೂ ಏನೂ ಇಲ್ಲ.

ನಿಮ್ಮ ಮುಂದೆ ಇರುವ ದಾರಿಗಳಲ್ಲಿ ನಾನು ಹೇಳುವುದು ಮೊದಲನೆಯದು: 2024ರ ರಿಟರ್ನ್ ತಿದ್ದಿ. ರೆಸಿಡೆಂಟ್ ಫಾರ್ಮ್ 540, ಜೊತೆಗೆ ತಿದ್ದುಪಡಿಯ ಷೆಡ್ಯೂಲ್ ಎಕ್ಸ್. 2025ಕ್ಕೂ ಇಡೀ ವರ್ಷ ರೆಸಿಡೆಂಟ್ ಅಂತಲೇ ಫೈಲ್ ಮಾಡಿ. ಎಫ್‌ಟಿಬಿಯವರು ಕಾಗದ ಕಳಿಸುವ ಮೊದಲೇ ನೀವಾಗಿ ತಿದ್ದಿದರೆ, ಟ್ಯಾಕ್ಸ್ ಕಡಿಮೆ ತೋರಿಸಿದ್ದಕ್ಕೆ ಹಾಕುವ ಶೇ. 20ರ ದಂಡ ಸಾಮಾನ್ಯವಾಗಿ ಬೀಳುವುದಿಲ್ಲ, ಬಡ್ಡಿ ಮಾತ್ರ ತಪ್ಪುವುದಿಲ್ಲ. ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಕಂತು ಕೇಳಬಹುದು. ನೀವು ಬಚ್ಚಿಟ್ಟಿರಿ ಅಂತ ಯಾರೂ ಅನ್ನುವುದಿಲ್ಲ. ಸಾಫ್ಟ್‌ವೇರ್ "ಯಾವ ದಿನ ರಾಜ್ಯ ಬಿಟ್ಟಿರಿ" ಅಂತ ಕೇಳಿತು, ನೀವು ದಿನ ಹಾಕಿದಿರಿ. ಆ ಪ್ರಶ್ನೆಯೇ ಅರ್ಧ ಜನರನ್ನು ಹಳ್ಳಕ್ಕೆ ಕೆಡವುತ್ತದೆ.

ಎರಡನೆಯದು, ಪಾರ್ಟ್‌ಇಯರ್ ಅಂತಲೇ ನಿಂತು ವಾದ ಮಾಡುವುದು. ಆಗಲೂ ಆರ್‌ಎಸ್‌ಯು ಮತ್ತು ನಿಮ್ಮ ಮನೆಯವರ ಪಾಲಿನ ಅರ್ಧವನ್ನು ತಿದ್ದಲೇಬೇಕು. ಉಳಿದದ್ದಕ್ಕೆ ಆಧಾರ ಬೇಕು. ಆಸ್ಟಿನ್‌ನಲ್ಲೇ ಉಳಿಯುವ ಮಾತು ಕಂಪನಿ ಜೊತೆ ನಡೆದಿತ್ತಾ? ಅಲ್ಲಿ ಮನೆ ಕೊಳ್ಳಲು ನೋಡಿದಿರಾ, ಬ್ರೋಕರ್ ಜೊತೆಗಿನ ಇಮೇಲ್ ಇದೆಯಾ? ಫ್ರೀಮಾಂಟ್ ಮನೆ ಮಾರಲು ಯಾರನ್ನಾದರೂ ಕೇಳಿದ್ದಿರಾ? ಇಂಥದ್ದು ಏನಾದರೂ ಇದ್ದರೆ ನನ್ನ ಅಭಿಪ್ರಾಯ ಬದಲಾಗಬಹುದು. ಇಲ್ಲದಿದ್ದರೆ ಅಪಾಯ ಏನು ಅಂತ ತಿಳಿದಿರಲಿ: ಫೈಲ್ ಮಾಡಿದ ರಿಟರ್ನ್ ಮೇಲೆ ಎಫ್‌ಟಿಬಿಗೆ ಸಾಮಾನ್ಯವಾಗಿ ನಾಲ್ಕು ವರ್ಷ ಕಾಲ ಇರುತ್ತದೆ, ಅಂದರೆ ನಿಮ್ಮ ಮಟ್ಟಿಗೆ 2029ರ ಏಪ್ರಿಲ್‌ವರೆಗೆ. ಅಷ್ಟು ದಿನದ ಬಡ್ಡಿ, ಮೇಲೆ ದಂಡ. ನೋಟಿಸ್ ಬಂದರೆ 60 ದಿನದಲ್ಲಿ ಪ್ರತಿಭಟನೆ ಸಲ್ಲಿಸಬಹುದು, ಅಲ್ಲಿ ಸೋತರೆ ಆಫೀಸ್ ಆಫ್ ಟ್ಯಾಕ್ಸ್ ಅಪೀಲ್ಸ್‌ಗೆ ಹೋಗಬಹುದು. ಆದರೆ 15 ಸಾವಿರದ ಜಗಳಕ್ಕೆ ವಕೀಲರ ಫೀಸು ಎಷ್ಟಾಗುತ್ತದೆ ಅಂತ ಮೊದಲು ಕೇಳಿಕೊಳ್ಳಿ.

ಮೂರನೆಯದು ಸುಮ್ಮನಿರುವುದು. ಬಹಳ ಜನ ಇದನ್ನೇ ಮಾಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಇದರಲ್ಲೂ ಜನ ಮಾಡುವ ಒಂದು ಪೆದ್ದುತನ ಇದೆ: 2024 ಪಾರ್ಟ್‌ಇಯರ್, 2025 ಮಾತ್ರ ಇಡೀ ವರ್ಷ ರೆಸಿಡೆಂಟ್. 2025ರ ಜನವರಿ 1ಕ್ಕೆ ನೀವು ಆಸ್ಟಿನ್‌ನಲ್ಲೇ ಇದ್ದಿರಿ. ಡಿಸೆಂಬರ್ 31ಕ್ಕೆ ನಾನ್‌ರೆಸಿಡೆಂಟ್ ಆಗಿದ್ದವರು ರಾತ್ರಿ ಬೆಳಗಾಗುವುದರೊಳಗೆ, ಅದೇ ಆಸ್ಟಿನ್ ಅಪಾರ್ಟ್‌ಮೆಂಟ್‌ನಲ್ಲಿ ಮಲಗಿ, ರೆಸಿಡೆಂಟ್ ಆದದ್ದು ಹೇಗೆ? ಏನೇ ಮಾಡಿ, ಎರಡೂ ವರ್ಷಕ್ಕೆ ಒಂದೇ ಮಾತಿರಲಿ.

ಇದನ್ನು ಓದುವ ಬೇರೆಯವರಿಗೆ ಒಂದೆರಡು ಮಾತು. ಎಚ್1ಬಿ ವೀಸಾ ತಾತ್ಕಾಲಿಕ, ಆದ್ದರಿಂದ ನಾನೂ ತಾತ್ಕಾಲಿಕ ಅನ್ನುವ ವಾದ ಇಲ್ಲಿ ನಡೆಯುವುದಿಲ್ಲ. ವರ್ಷಗಟ್ಟಲೆ ಇಲ್ಲಿ ಸಂಸಾರ ಮಾಡಿಕೊಂಡಿದ್ದರೆ ರೆಸಿಡೆಂಟೇ. ಕಂಪನಿ ಬೆಂಗಳೂರು ಆಫೀಸಿಗೆ ಕಳಿಸುತ್ತಿದೆ ಅನ್ನುವವರಿಗೂ ಅದೇ 546 ದಿನದ ನಿಯಮ ಸಿಗುತ್ತದೆ. ಆದರೆ ಅದು ತುಂಬದೆ ರೆಸಿಡೆಂಟ್ ಆಗಿ ಉಳಿದರೆ ಟೆಕ್ಸಾಸ್‌ಗಿಂತ ಕಷ್ಟ. ವಿದೇಶದ ಸಂಬಳಕ್ಕೆ ಫೆಡರಲ್‌ನಲ್ಲಿ ಸಿಗುವ ವಿನಾಯಿತಿಯನ್ನು ಕ್ಯಾಲಿಫೋರ್ನಿಯಾ ಒಪ್ಪುವುದಿಲ್ಲ, ಭಾರತದಲ್ಲಿ ಕಟ್ಟಿದ ಟ್ಯಾಕ್ಸ್‌ಗೆ ಕ್ರೆಡಿಟ್ಟೂ ಕೊಡುವುದಿಲ್ಲ. ಎರಡೂ ಕಡೆ ಪೂರ್ತಿ ಕಟ್ಟಬೇಕಾಗಿ ಬರಬಹುದು. ಕಾಂಟ್ರಾಕ್ಟ್ ಬರೆಸುವಾಗಲೇ 18 ತಿಂಗಳ ಮೇಲೆ ಬರುವಂತೆ ಕೇಳಿ. ವರ್ಷದಲ್ಲಿ ಇಲ್ಲಿಗೆ ಬಂದು ಹೋದ ದಿನಗಳನ್ನು ಒಂದು ಡೈರಿಯಲ್ಲಿ ಬರೆದಿಡಿ. ಫೋನ್‌ನಲ್ಲಿ ಬೋರ್ಡಿಂಗ್ ಪಾಸ್ ಫೋಟೋ ಇದ್ದರೂ ಸಾಕು.

ಮತ್ತೆ ನಿಮ್ಮ ವಿಷಯಕ್ಕೆ. 2025ರ ಜನವರಿಯಿಂದ ಜೂನ್‌ವರೆಗೆ ನಿಮ್ಮ ಸಂಬಳದಲ್ಲಿ ಕ್ಯಾಲಿಫೋರ್ನಿಯಾ ಟ್ಯಾಕ್ಸ್ ಹಿಡಿದಿರುವುದಿಲ್ಲ, ಆದ್ದರಿಂದ ಆ ವರ್ಷಕ್ಕೂ ಕೈಯಿಂದ ಕಟ್ಟುವುದಿದೆ. ರಿಟರ್ನ್‌ಗೆ ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ, ದುಡ್ಡಿಗೆ ಸಿಗುವುದಿಲ್ಲ. ಅದು ಏಪ್ರಿಲ್ 15ಕ್ಕೇ ಹೋಗಬೇಕು. ಈ ವಾರ ಆರ್‌ಎಸ್‌ಯು ಗ್ರಾಂಟ್ ಲೆಟರ್ ಹುಡುಕಿ, ಕಂಪನಿಯ 16 ತಿಂಗಳ ಪತ್ರ ತೆಗೆದಿಡಿ. ಪ್ರಾಪರ್ಟಿ ಟ್ಯಾಕ್ಸ್ ಬಿಲ್‌ನಲ್ಲಿ ಆ 7,000 ಕಂಡರೆ ಅಲಮೇಡಾ ಕೌಂಟಿ ಅಸೆಸರ್ ಆಫೀಸಿಗೆ ಒಂದು ಫೋನ್ ಮಾಡಿ, 2025ರ ಜನವರಿ 1ಕ್ಕೆ ಮನೆ ಬಾಡಿಗೆಗಿತ್ತು ಅಂತ ತಿಳಿಸಿ.